ಸಕ್ಕರೆ ಫಲಕದ ಫೋಟೊ

ವಾಟ್ಸಾಪ್ ಗುಂಪು: ಹತ್ತನೇ ತರಗತಿ 'ಬಿ' ವಿಭಾಗ, 1996

ಗಿರೀಶ: (ಫೋಟೊ) ನನ್ನ ಮಗನ ಶಾಲೆಯ ಊಟದ ಕೋಣೆಯ ಗೋಡೆ. ತಂಪು ಪಾನೀಯದ ಬಾಟಲಿಯ ಪಕ್ಕ ಏಳು ಚಮಚ ಸಕ್ಕರೆಯ ಚಿತ್ರ ಬರೆಸಿದ್ದಾರೆ. ಶಾಲೆಗಳಲ್ಲಿ ಇಂಥ ಸಕ್ಕರೆ ಫಲಕ ಹಾಕಿ ಎಂದು ಸಿಬಿಎಸ್‌ಇ 2025ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯ ಫಲ ಇದು. ಶಾಲೆ ತನ್ನ ಕೆಲಸ ಮಾಡಿದೆ, ಇನ್ನು ಮನೆಯವರು ಎಚ್ಚೆತ್ತುಕೊಳ್ಳಬೇಕು.

ನಾಗರತ್ನ: ಮನೆಯವರು ಎಂದರೆ ಯಾರು? ಸ್ಪಷ್ಟವಾಗಿ ಹೇಳಿಬಿಡು.

ಗಿರೀಶ: ಅಪ್ಪ, ಅಮ್ಮ ಇಬ್ಬರೂ.

ನಾಗರತ್ನ: ಹಾಗಿದ್ದರೆ ಸರಿ. ಇಂಥ ಮಾತಿನ ಬಾಲ ಸಾಮಾನ್ಯವಾಗಿ ಅಮ್ಮಂದಿರ ಕಡೆಗೇ ತಿರುಗುತ್ತದೆ, ಅದಕ್ಕೆ ಕೇಳಿದೆ.

ಪ್ರಕಾಶ: ಗಿರೀಶ ಹೇಳಿದ್ದರಲ್ಲಿ ತಪ್ಪೇನಿದೆ? ಮಗು ಶಾಲೆಯಲ್ಲಿ ತಿನ್ನುವುದು ಒಂದು ಹೊತ್ತು. ಉಳಿದದ್ದೆಲ್ಲ ಮನೆಯಲ್ಲಿ. ಆ ಸುತ್ತೋಲೆಯಲ್ಲೇ ಇದೆ: 4ರಿಂದ 10 ವರ್ಷದ ಮಕ್ಕಳಿಗೆ ದಿನದ ಕ್ಯಾಲೊರಿಯಲ್ಲಿ ಶೇ 13 ಸಕ್ಕರೆಯಿಂದಲೇ ಬರುತ್ತಿದೆ, 11ರಿಂದ 18ರವರಿಗೆ ಶೇ 15. ಇರಬೇಕಾದದ್ದು ಶೇ 5. ಇಷ್ಟು ಸಕ್ಕರೆಯನ್ನು ಮೇಷ್ಟ್ರು ತಿನ್ನಿಸಿದರೇ?

ವಸುಧಾ: ಅದೇ ಸುತ್ತೋಲೆಯ ಕೊನೆಯನ್ನೂ ಓದಿ. ಫಲಕ ಹಾಕಿ, ಜುಲೈ 15ರೊಳಗೆ ವರದಿ ಮತ್ತು ಫೋಟೊ ಕಳಿಸಿ ಎಂದಿದ್ದರು. ಮೇಲಿನವರು ಫೋಟೊ ಕೇಳಿದ ಯೋಜನೆಯಲ್ಲಿ ಫೋಟೊ ತೆಗೆದ ಮರುದಿನದಿಂದ ಏನಾಗುತ್ತದೆ ಎಂದು ಇಪ್ಪತ್ತು ವರ್ಷದಿಂದ ಸರ್ಕಾರಿ ಶಾಲೆಯಲ್ಲಿರುವ ನನಗೆ ಗೊತ್ತು. ಗಿರೀಶ, ನಿಮ್ಮ ಶಾಲೆಯಲ್ಲಿ ಫಲಕ ಬಂದ ಮೇಲೆ ಬೇರೇನು ಬದಲಾಯಿತು?

ಗಿರೀಶ: ಕ್ಯಾಂಟೀನಿನಲ್ಲಿ ಕೋಲಾ ನಿಲ್ಲಿಸಿದ್ದಾರೆ. ಈಗ ಪೊಟ್ಟಣದ ಮಾವಿನ ರಸ ಇದೆ.

ವಸುಧಾ: ಅದರಲ್ಲಿ ಎಷ್ಟು ಚಮಚ ಎಂದು ಫಲಕದಲ್ಲಿ ಬರೆದಿದ್ದಾರೆಯೇ?

ಗಿರೀಶ: ನೋಡಲಿಲ್ಲ.

ಸೋಮಶೇಖರ: ಶುಭೋದಯ 🌹 ಎಲ್ಲರಿಗೂ ದೇವರು ಒಳ್ಳೆಯದು ಮಾಡಲಿ.

ಪ್ರಕಾಶ: ಸೋಮಣ್ಣ, ಸಂಜೆ ಆರು ಗಂಟೆ.

ಮಂಜುನಾಥ: ಬೇಕರಿಯವನು ಬಾಯಿ ಬಿಡಬಾರದು ಎಂದು ಸುಮ್ಮನಿದ್ದೆ. ಆದರೆ ಶಾಲೆಯಾಗಲಿ ಮನೆಯಾಗಲಿ ನೋಡದ ಒಂದು ಗಂಟೆಯನ್ನು ನಾನು ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ದಿನವೂ ನೋಡುತ್ತೇನೆ. ನಾಲ್ಕೂವರೆಗೆ ಶಾಲೆಯ ವಾಹನಗಳು ನಮ್ಮ ತಿರುವಿನಲ್ಲಿ ನಿಲ್ಲುತ್ತವೆ. ಮಗು ಇಳಿಯುತ್ತದೆ. ಬ್ಯಾಗು ಅಜ್ಜನ ಹೆಗಲಿಗೆ, ಪಫ್ಸ್ ಮಗುವಿನ ಕೈಗೆ. ಅಲ್ಲಿಂದ ಮನೆಗೆ ಹೋಗುವುದಿಲ್ಲ, ಏಕೆಂದರೆ ನಮ್ಮದೇ ಕಟ್ಟಡದ ಮೂರನೇ ಮಹಡಿಯಲ್ಲಿ ಐದಕ್ಕೆ ಗಣಿತದ ಟ್ಯೂಷನ್, ಆರಕ್ಕೆ ಅಬ್ಯಾಕಸ್. ಮೆಟ್ಟಿಲು ಹತ್ತುವುದೊಂದೇ ಆ ಮಗುವಿನ ಇಡೀ ದಿನದ ವ್ಯಾಯಾಮವಾಗಿತ್ತು. ಮಾಲೀಕರು ಹೋದ ವರ್ಷ ಲಿಫ್ಟ್ ಹಾಕಿಸಿದರು.

ಪಫ್ಸ್ ಹೇಗೆ ಆಗುತ್ತದೆ ಎಂದು ಒಮ್ಮೆ ಬಂದು ನೋಡಿ. ಮೈದಾ ಹಿಟ್ಟನ್ನು ಲಟ್ಟಿಸಿ, ಕೊಬ್ಬು ಸವರಿ, ಮಡಿಸಿ, ಮತ್ತೆ ಲಟ್ಟಿಸಿ, ಮತ್ತೆ ಮಡಿಸುತ್ತೇವೆ. ಕೊಬ್ಬು ಕಡಿಮೆ ಮಾಡಿದರೆ ಪದರ ಬಿಡುವುದಿಲ್ಲ, ಗಿರಾಕಿ ಎರಡನೇ ಸಲ ಬರುವುದಿಲ್ಲ. ಹನಿ ಕೇಕಿಗೆ ಸಕ್ಕರೆ ಪಾಕ ಕುಡಿಸಿ, ಮೇಲೆ ಜಾಮ್ ಬಳಿದು ಕೊಬ್ಬರಿ ತುರಿ ಉದುರಿಸುತ್ತೇವೆ. ನಾನು ಮಾರುವುದು ವಿಷವಲ್ಲ. ವಾರಕ್ಕೊಮ್ಮೆ ತಿನ್ನುವ ಪದಾರ್ಥ. ಅದು ದಿನದ ತಿಂಡಿಯಾದದ್ದು ನನ್ನ ಒತ್ತಾಯದಿಂದಲ್ಲ.

ಪ್ರಕಾಶ: ಶಾಲೆಯ ಹತ್ತಿರ ಇವೆಲ್ಲ ಮಾರಬಾರದು ಎಂದು ಕಾನೂನಿದೆ ಅಲ್ಲವೇ?

ಮಂಜುನಾಥ: ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಆವರಣದಲ್ಲಿ ಮಾರುವಂತಿಲ್ಲ, ಗೇಟಿನಿಂದ 50 ಮೀಟರ್ ಒಳಗೂ ಮಾರುವಂತಿಲ್ಲ. ನನ್ನ ಅಂಗಡಿ ಅದರಿಂದಾಚೆ ಇದೆ. ಮಗುವನ್ನು ವಾಹನದಲ್ಲಿ ಕೂರಿಸಿ ಅಂಗಡಿಯ ಬಾಗಿಲಿಗೇ ತಂದು ಇಳಿಸುವಾಗ 50 ಮೀಟರಾದರೇನು, ಐದು ಕಿಲೋಮೀಟರಾದರೇನು? ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ಕೋಲಾದ ಜಿಎಸ್‌ಟಿ ಶೇ 40, ಬಿಸ್ಕತ್ತು, ಚಾಕೊಲೆಟ್, ಕೇಕಿನ ಜಿಎಸ್‌ಟಿ ಶೇ 5. ಒಂದು ಕೈಯಲ್ಲಿ ಫಲಕ, ಇನ್ನೊಂದು ಕೈಯಲ್ಲಿ ರಿಯಾಯಿತಿ. ವ್ಯಾಪಾರಿಯಾಗಿ ನನಗೆ ಸಂತೋಷ, ಅಪ್ಪನಾಗಿ ಏನು ಹೇಳಲಿ?

ನಾಗರತ್ನ: ಅಂದರೆ ತಪ್ಪು ಮತ್ತೆ ಮನೆಯವರದೇ ಎಂದಾಯಿತು. ಹಾಗಾದರೆ ಶಾಲೆಯ ಕತೆಯನ್ನೂ ಕೇಳಿ. ಹೋದ ವರ್ಷ ಮಗಳ ತರಗತಿಯಲ್ಲಿ ಆರೋಗ್ಯ ತಪಾಸಣೆ ಎಂದು ತೂಕ ನೋಡಿದರು. ಸಾಲಾಗಿ ನಿಲ್ಲಿಸಿ, ಒಬ್ಬರು ಗಟ್ಟಿಯಾಗಿ ಕೂಗಿ ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಇವಳ ಸರದಿ ಬಂದಾಗ ಹಿಂದಿನಿಂದ ಯಾರೋ ನಕ್ಕರಂತೆ. ಅಂದಿನಿಂದ ಊಟದ ಡಬ್ಬಿ ಹೋದ ಹಾಗೆಯೇ ವಾಪಸು ಬರತೊಡಗಿತು. ಎರಡು ಚಪಾತಿ, ಪಲ್ಯ, ಮುಚ್ಚಳವನ್ನೂ ತೆರೆದಿರುತ್ತಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯ ಸದ್ದು. ಇದು ಶಾಲೆ ಮಾಡಿದ ಆರೋಗ್ಯ ಸೇವೆ. ವರದಿಯಲ್ಲಿ ಮಾತ್ರ ಎಲ್ಲ ಮಕ್ಕಳ ತಪಾಸಣೆ ಪೂರ್ಣ.

ಗಿರೀಶ: ಅದು ತಪ್ಪು, ಒಪ್ಪುತ್ತೇನೆ. ಆದರೆ ತೂಕವನ್ನೇ ನೋಡಬಾರದು ಎನ್ನುತ್ತೀಯಾ?

ಶಕೀಲಾ: ನೋಡಬೇಕು. ಕೋಣೆಯ ಬಾಗಿಲು ಹಾಕಿ ನೋಡಬೇಕು, ಎತ್ತರವನ್ನೂ ಅಳೆಯಬೇಕು, ಚೀಟಿಯನ್ನು ಮುಚ್ಚಿದ ಲಕೋಟೆಯಲ್ಲಿ ಮನೆಗೆ ಕಳಿಸಬೇಕು. ಬರಿಯ ತೂಕದಿಂದ ಏನೂ ತಿಳಿಯುವುದಿಲ್ಲ.

ಇಷ್ಟು ಹೊತ್ತು ರೋಗಿಗಳಿದ್ದರು, ಈಗ ಪೂರ್ತಿ ಓದಿದೆ. ನನ್ನ ಹತ್ತಿರ ಬರುವ ತಾಯಂದಿರ ದೂರು ಇಂದಿಗೂ ಒಂದೇ: ಡಾಕ್ಟರ್, ಮಗು ಏನೂ ತಿನ್ನುವುದಿಲ್ಲ. ಮಗುವನ್ನು ನೋಡಿದರೆ ಹನ್ನೊಂದು ವರ್ಷಕ್ಕೇ ಸೊಂಟ ನನ್ನಷ್ಟಿದೆ. ಏನೂ ತಿನ್ನುವುದಿಲ್ಲ ಎಂದರೆ ಅನ್ನ, ಸಾರು ತಿನ್ನುವುದಿಲ್ಲ ಎಂದು ಅರ್ಥ. ಕತ್ತಿನ ಹಿಂಭಾಗದಲ್ಲಿ ಮಖಮಲ್ಲಿನಂಥ ಕಪ್ಪು ಪಟ್ಟಿ ಇರುತ್ತದೆ. ಕೊಳೆ ಎಂದು ಕಡಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ಚರ್ಮ ಕೆಂಪಾಗಿಸಿಕೊಂಡು ಬರುತ್ತಾರೆ. ಅದು ಕೊಳೆಯಲ್ಲ. ಇನ್ಸುಲಿನ್ ಹೇಳಿದ ಮಾತನ್ನು ದೇಹ ಕೇಳದೆ ಇರುವುದಕ್ಕೆ ಬಂದ ಗುರುತು. ಅಜ್ಜಿ ಪಕ್ಕದಲ್ಲೇ ಕುಳಿತು, ಮಗು ದುಂಡಗಿದೆ, ನಿಮ್ಮ ಕಣ್ಣು ತಾಗೀತು ಎಂಬಂತೆ ನನ್ನನ್ನೇ ನೋಡುತ್ತಿರುತ್ತಾರೆ.

ಇನ್ನು ತೆಳ್ಳಗಿರುವ ಮಕ್ಕಳ ತಂದೆತಾಯಿ ನೆಮ್ಮದಿಯಾಗಿರುವುದೂ ಬೇಡ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿದ್ದಾರೆ. ಇಂಗ್ಲೆಂಡಿನ ಶಿಶುಗಳಿಗಿಂತ ನಮ್ಮವು ಬಹುತೇಕ ಅಳತೆಗಳಲ್ಲಿ ಚಿಕ್ಕವು, ಆದರೆ ಬೆನ್ನಿನ ಮೇಲಿನ ಕೊಬ್ಬಿನಲ್ಲಿ ಸರಿಸಮ. ಅಂದರೆ ಹುಟ್ಟುವಾಗಲೇ ಮಾಂಸ ಕಡಿಮೆ, ಕೊಬ್ಬು ಉಂಟು. ಅದಕ್ಕೇ ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ನಮ್ಮ ಮಕ್ಕಳ ಬೆಳವಣಿಗೆಯ ಪಟ್ಟಿಯನ್ನು ಪರಿಷ್ಕರಿಸಿ, ಅತಿತೂಕ ಎನ್ನುವ ಗೆರೆಯನ್ನು ಕೆಳಗಿಳಿಸಿತು. ಇಂಥ ಮೈಗೆ ಬೇಕಾದದ್ದು ಓಟ, ಕುಣಿತ, ಮರ ಹತ್ತುವುದು. ಮಾಂಸಖಂಡ ಬೆಳೆದು ದುಡಿದಷ್ಟೂ ಸಕ್ಕರೆ ಹೆಚ್ಚು ಖರ್ಚಾಗುತ್ತದೆ.

ವಸುಧಾ: ನಾನು ಹೇಳಬೇಕೆಂದಿದ್ದೂ ಅದನ್ನೇ. ಎಲ್ಲರೂ ತಟ್ಟೆಯನ್ನೇ ಹಿಡಿದುಕೊಂಡು ಜಗಳವಾಡುತ್ತಿದ್ದೀರಿ. ಮಗುವಿನ ಗಡಿಯಾರವನ್ನು ನೋಡಿ. ಆಟದ ಪೀರಿಯಡ್ಡನ್ನು ಶಾಲೆ ತಿಂದಿತು, ಸಂಜೆಯನ್ನು ಮನೆ ತಿಂದಿತು. ಮಂಜುನಾಥ ಹೇಳಿದ ಆ ಒಂದು ಗಂಟೆಯಲ್ಲಿ ಪಫ್ಸಿಗಿಂತ ಮೂರನೇ ಮಹಡಿಯೇ ಹೆಚ್ಚು ದೋಷಿ. 5ರಿಂದ 17 ವರ್ಷದ ಮಗು ದಿನಕ್ಕೆ ಸರಾಸರಿ 60 ನಿಮಿಷ ಮೈಬಗ್ಗಿಸಿ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಬಂಧದಲ್ಲಿ ಆಟದ ಮೈದಾನವೂ ಇದೆ. ಸಿಂಧನೂರಿನ ಕಡೆಯ ನಮ್ಮ ಶಾಲೆಗೆ ಎರಡು ಎಕರೆ ಮೈದಾನವಿದೆ, ದೈಹಿಕ ಶಿಕ್ಷಕರಿಲ್ಲ. ಗಿರೀಶ, ನಿಮ್ಮಲ್ಲಿ?

ಗಿರೀಶ: ಇಬ್ಬರು ಶಿಕ್ಷಕರಿದ್ದಾರೆ. ಮೈದಾನ ಎಂದರೆ ತಾರಸಿಯ ಮೇಲೆ ಹಸಿರು ಹಾಸು.

ಪ್ರಕಾಶ: 😄 ವಸುಧಾ ಶಿಕ್ಷಕರನ್ನು ಎರವಲು ಪಡೆಯಲಿ, ಗಿರೀಶ ಮೈದಾನವನ್ನು.

ವಸುಧಾ: ನಗಬೇಡ. ನನ್ನ ಮಕ್ಕಳ ಕಷ್ಟವೇ ಬೇರೆ. ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ. ನಮ್ಮಲ್ಲಿ ಮೊಟ್ಟೆ ಕೊಡುವ ದಿನ ಹಾಜರಿ ಪುಸ್ತಕ ನೋಡಿದರೆ ಸಾಕು, ಯಾರಿಗೆ ಏನು ಬೇಕು ಎಂದು ತಿಳಿಯುತ್ತದೆ. ಆದರೆ ಶಾಲೆಯ ಎದುರಿನ ಗೂಡಂಗಡಿಯಲ್ಲಿ ಐದು ರೂಪಾಯಿಯ ಚಿಪ್ಸ್ ಪೊಟ್ಟಣಗಳು ತೋರಣದಂತೆ ತೂಗುತ್ತವೆ. ಕೂಲಿಗೆ ಹೋಗುವ ತಾಯಿ ಬೆಳಗ್ಗೆ ಮಗುವಿನ ಕೈಗೆ ಹತ್ತು ರೂಪಾಯಿ ಇಟ್ಟು ಹೋಗುತ್ತಾಳೆ. ಅವಳನ್ನು ಸೋಮಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಪ್ರಕಾಶ: ಅವಳನ್ನು ಯಾರೂ ಅನ್ನಲಿಲ್ಲ. ನಮ್ಮಂಥವರ ಮಾತು ಬೇರೆ. ನಾವು ಕೊಬ್ಬಿನಿಂದಲೇ ತಪ್ಪು ಮಾಡುತ್ತಿದ್ದೇವೆ.

ನಾಗರತ್ನ: ಪ್ರಕಾಶ, ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಪಿಜ್ಜಾ ತರಿಸುವುದು ಯಾರು, ನಿನ್ನ ಹೆಂಡತಿಯನ್ನು ಕೇಳಲೇ?

ಪ್ರಕಾಶ: ಬೇಡ.

ಸೋಮಶೇಖರ: ನಮ್ಮ ಮನೆಯಲ್ಲಿ ಹಾಲಿಗೆ ಹಾಕುವ ಪುಡಿ ಒಳ್ಳೆಯದು ತಾನೇ? ಡಬ್ಬಿಯ ಮೇಲೆ ಎತ್ತರ ಬೆಳೆಯುವ ಹುಡುಗನ ಚಿತ್ರವಿದೆ.

ಶಕೀಲಾ: ಸೋಮಣ್ಣ, ಚಿತ್ರ ಬಿಡಿ, ಡಬ್ಬಿ ತಿರುಗಿಸಿ ಸಕ್ಕರೆ ಎಷ್ಟು ಎಂದು ಓದಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಬೋರ್ನ್‌ವೀಟಾ ಮತ್ತು ಅಂಥ ಪೇಯಗಳನ್ನೆಲ್ಲ 'ಆರೋಗ್ಯ ಪೇಯ' ಎಂಬ ವಿಭಾಗದಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಹಾಲು ಹಾಲಾಗಿಯೇ ಇರಲಿ.

ಸೋಮಶೇಖರ: ಬರಿಯ ಹಾಲನ್ನು ಮೊಮ್ಮಗ ಕುಡಿಯುವುದಿಲ್ಲ.

ಶಕೀಲಾ: ಮೊಸರು ಕೊಡಿ.

ಮಂಜುನಾಥ: ಗಿರೀಶ, ಒಂದು ಕೆಲಸ ಮಾಡು. ಈ ಶನಿವಾರ ಪೋಷಕರ ಸಭೆ ಇದೆ ಎಂದಿದ್ದೆ. ವೇಳಾಪಟ್ಟಿ ಹಿಡಿದುಕೊಂಡು ಹೋಗಿ ಒಂದೇ ಪ್ರಶ್ನೆ ಕೇಳು: ಈ ತಿಂಗಳು ಆಟದ ಪೀರಿಯಡ್ಡು ಎಷ್ಟು ಸಲ ನಡೆಯಿತು, ಎಷ್ಟು ಸಲ ಅದನ್ನು ಗಣಿತಕ್ಕೆ ಕೊಟ್ಟರು? ಫಲಕದ ಪಕ್ಕದಲ್ಲೇ ಆ ಲೆಕ್ಕವನ್ನೂ ಬರೆಸಲಿ.

ವಸುಧಾ: ಒಳ್ಳೆಯ ಪ್ರಶ್ನೆ. ಲಿಖಿತವಾಗಿ ಕೊಡು, ಉತ್ತರ ಕೊಡಲೇಬೇಕಾಗುತ್ತದೆ.

ಗಿರೀಶ: ಕೇಳಬಹುದು. ಆದರೆ ಒಬ್ಬೊಬ್ಬ ಪೋಷಕರಿಗೆ ಹತ್ತೇ ನಿಮಿಷ ಕೊಡುತ್ತಾರೆ. ಮಗನಿಗೆ ಈ ಸಲ ಗಣಿತದಲ್ಲಿ ಅಂಕ ಇಳಿದಿದೆ, ಅದನ್ನೇ ಮಾತನಾಡಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಹೆಚ್ಚುವರಿ ತರಗತಿ ಕೊಡುತ್ತಾರೆಯೇ ಎಂದು ವಿಚಾರಿಸಬೇಕು.

ನಾಗರತ್ನ: ಹೆಚ್ಚುವರಿ ತರಗತಿ ಯಾವ ಪೀರಿಯಡ್ಡಿನಲ್ಲಿ, ಗಿರೀಶ?

ಗಿರೀಶ: ಮೀಟಿಂಗ್ ಇದೆ, ಆಮೇಲೆ ಬರುತ್ತೇನೆ.