ದೀಪಾವಳಿ ರಾಕೆಟ್‌ಗೆ ಒಂದೇ ಹಂತ, ಪಿಎಸ್‌ಎಲ್‌ವಿಗೆ ಯಾಕೆ ನಾಲ್ಕು?

ಬಸವನಗುಡಿ ಅಮ್ಮ:
ಭಾನುವಾರ ಮಗಳ ಜೊತೆ ಕೆ.ಆರ್. ಮಾರ್ಕೆಟ್ ಹತ್ತಿರ ತಾರಾಮಂಡಲಪೇಟೆಗೆ ಹೋಗಿದ್ದೆ. ಟಿಪ್ಪು ಕಾಲದಲ್ಲಿ ಇಲ್ಲಿ ಬಾಣ, ಅಂದರೆ ರಾಕೆಟ್ ಮಾಡುತ್ತಿದ್ದರಂತೆ, ಅದಕ್ಕೇ ಈ ಹೆಸರು ಎಂದು ಹೇಳಿದೆ. ಅವಳು ಆರನೇ ಕ್ಲಾಸು. "ಆ ಬಾಣ ಒಂದೇ ಕೊಳವೆ, ದೀಪಾವಳಿ ರಾಕೆಟ್ಟೂ ಒಂದೇ ಕೊಳವೆ, ಪಿಎಸ್‌ಎಲ್‌ವಿ ಮಾತ್ರ ಯಾಕಮ್ಮಾ ನಾಲ್ಕು ತುಂಡು? ಒಂದೇ ದೊಡ್ಡದು ಮಾಡಿ ಇನ್ನಷ್ಟು ಇಂಧನ ತುಂಬಿದ್ರೆ ಸಾಕಲ್ವಾ?" ಅಂದಳು. ನನಗೂ ಹೌದಲ್ಲ ಅನ್ನಿಸಿತು. ಸುಮ್ನೆ "ಭಾರ ಜಾಸ್ತಿ" ಅಂದರೆ ಅವಳು ಬಿಡಲ್ಲ. ಯಾರಾದರೂ ಬಿಡಿಸಿ ಹೇಳಿ.

ಪೀಣ್ಯ ಟರ್ನರ್:
ಮೇಡಂ, ಅಡುಗೆಮನೆಯ ಸಿಲಿಂಡರ್ ತೋರಿಸಿ. ಒಳಗೆ ಗ್ಯಾಸ್ 14.2 ಕೆಜಿ. ಖಾಲಿ ತೂಕ ಸಿಲಿಂಡರ್ ಮೇಲೇ ಬರೆದಿರುತ್ತದೆ, ಓದಿಸಿ. 15 ಕೆಜಿ ದಾಟಿರುತ್ತದೆ. ಅಂದರೆ ಗ್ಯಾಸಿಗಿಂತ ಕಬ್ಬಿಣವೇ ಜಾಸ್ತಿ.

ಈಗ ರಾಕೆಟ್ ಲೆಕ್ಕ. ಪಿಎಸ್‌ಎಲ್‌ವಿ ಉಪಗ್ರಹವನ್ನು ಕಕ್ಷೆಗೆ, ಅಂದರೆ ಭೂಮಿ ಸುತ್ತುವ ದಾರಿಗೆ ಸೇರಿಸಬೇಕು. ಕಕ್ಷೆ ಅಂದರೆ ಬರೀ ಎತ್ತರ ಅಲ್ಲ, ಅಡ್ಡಡ್ಡ ಓಡುವ ವೇಗ. ಸೆಕೆಂಡಿಗೆ ಸುಮಾರು 7.8 ಕಿಮೀ, ಬೆಂಗಳೂರಿಂದ ಮೈಸೂರಿಗೆ 20 ಸೆಕೆಂಡೂ ಬೇಡ. ಗಾಳಿಯ ತಡೆ, ಭೂಮಿಯ ಎಳೆತ ಸೇರಿಸಿದರೆ 9 ಕಿಮೀ ದಾಟುತ್ತದೆ. ರಷ್ಯಾದಲ್ಲಿ ಮೇಷ್ಟ್ರಾಗಿದ್ದ ತ್ಸಿಯೋಲ್ಕೋವ್‌ಸ್ಕಿ 1903ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದಾರೆ. ಅದರ ಪ್ರಕಾರ ಸೀಮೆಎಣ್ಣೆ ಸುಡುವ ರಾಕೆಟ್ 100 ಕೆಜಿ ಇದ್ದರೆ 94 ಕೆಜಿ ಇಂಧನ ಮತ್ತು ಆಮ್ಲಜನಕವೇ ಆಗಬೇಕು. ಹೈಡ್ರೋಜನ್ ಆದರೆ 88. ಉಳಿದ ಚೂರಿನಲ್ಲೇ ಟ್ಯಾಂಕು, ಇಂಜಿನ್, ಉಪಗ್ರಹ ಎಲ್ಲಾ ಬರಬೇಕು. ದೊಡ್ಡದು ಮಾಡಿದರೆ ಟ್ಯಾಂಕೂ ದೊಡ್ಡದಾಗುತ್ತದೆ, ಇಂಜಿನ್ನೂ ದೊಡ್ಡದು ಬೇಕು, ಪಾಲು ಬದಲಾಗಲ್ಲ. ಅದಕ್ಕೇ ಖಾಲಿಯಾದ ಡಬ್ಬವನ್ನು ದಾರಿಯಲ್ಲೇ ಬಿಟ್ಟು ಹೋಗೋದು. ಆ ಒಂದೊಂದು ತುಂಡೇ ಒಂದು ಹಂತ.

ನಗರದ ಹುಡುಗ:
ನಮ್ಮೂರು ಹೊಸನಗರ ತಾಲ್ಲೂಕಿನ ನಗರ. 2018ರಲ್ಲಿ ಇಲ್ಲಿ ಒಂದು ಹಾಳು ಬಾವಿಯಿಂದ ಸಾವಿರಕ್ಕೂ ಹೆಚ್ಚು ಟಿಪ್ಪು ಕಾಲದ ರಾಕೆಟ್ ಸಿಕ್ಕವು. ತುಕ್ಕು ಹಿಡಿದ, ಗೇಣುದ್ದದ ಕಬ್ಬಿಣದ ಕೊಳವೆಗಳು. ಕಾಗದದ ಕೊಳವೆಯಲ್ಲಿ ಮದ್ದು ಗಟ್ಟಿಯಾಗಿ ತುಂಬಿದರೆ ಒಡೆದುಹೋಗುತ್ತದೆ, ಕಬ್ಬಿಣ ಆ ಒತ್ತಡ ತಡೆಯುತ್ತದೆ, ಅದಕ್ಕೇ ಮೈಸೂರಿನ ಬಾಣ ಅಷ್ಟು ದೂರ ಹೋಗುತ್ತಿದ್ದದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅವನ್ನು ಇಂಗ್ಲೆಂಡಿಗೆ ಒಯ್ದರು, ಬ್ರಿಟಿಷ್ ಸೇನೆಯ ಕಾಂಗ್ರೀವ್ ರಾಕೆಟ್ ಹುಟ್ಟಿದ್ದು ಅದರಿಂದಲೇ. ನಮ್ಮವರ ಕೈಕೆಲಸ ಅದು, ಹೆಮ್ಮೆಯಿಂದ ಹೇಳಿ ಮಗಳಿಗೆ. ಒಂದೆರಡು ಕಿಲೋಮೀಟರಿಗೆ ಕಬ್ಬಿಣದ ಭಾರ ಲೆಕ್ಕಕ್ಕೆ ಬರಲ್ಲ. ಕಕ್ಷೆಗೆ ಬರುತ್ತದೆ.

ಮಲ್ಲೇಶ್ವರ ಮೇಷ್ಟ್ರು:
ಒಂದೇ ಹಂತಕ್ಕೆ ತೀರಾ ಹತ್ತಿರ ಬಂದದ್ದು ಅಮೆರಿಕದ ಅಟ್ಲಾಸ್. ನೆಲದಲ್ಲೇ ಮೂರು ಇಂಜಿನ್ ಹೊತ್ತಿಕೊಳ್ಳುತ್ತಿದ್ದವು, ಸ್ವಲ್ಪ ಹೊತ್ತಿಗೆ ಎರಡು ಕಳಚಿ ಬೀಳುತ್ತಿದ್ದವು, ಟ್ಯಾಂಕ್ ಮಾತ್ರ ಕೊನೆವರೆಗೂ ಅದೇ. ಟ್ಯಾಂಕಿನ ಸ್ಟೀಲ್ ತಗಡು ಎಷ್ಟು ತೆಳು ಅಂದರೆ ಒಳಗೆ ಒತ್ತಡ ಇಲ್ಲದಿದ್ದರೆ ತನ್ನ ಭಾರಕ್ಕೇ ಕುಸಿಯುತ್ತಿತ್ತು, ಬಲೂನಿನ ಹಾಗೆ. 1958ರ ಡಿಸೆಂಬರ್ 18ರಂದು ಹೀಗೇ ಇಡೀ ಅಟ್ಲಾಸ್ ಕಕ್ಷೆ ಸೇರಿತು. 1962ರಲ್ಲಿ ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ ಕಕ್ಷೆಗೆ ಹೋದದ್ದೂ ಅಟ್ಲಾಸಿನಲ್ಲೇ.

ಪೂರ್ತಿ ಒಂದೇ ಹಂತದ್ದು ಆಮೇಲೂ ಕೈಗೂಡಲಿಲ್ಲ. ಆ ದಾರಿಯಲ್ಲಿ ನಾಸಾ ಮಾಡಿಸುತ್ತಿದ್ದ ಪ್ರಯೋಗದ ವಾಹನ ಎಕ್ಸ್-33ಯ ಹೈಡ್ರೋಜನ್ ಟ್ಯಾಂಕ್ 1999ರ ಪರೀಕ್ಷೆಯಲ್ಲಿ ಕೆಟ್ಟಿತು, 2001ರಲ್ಲಿ ಯೋಜನೆಯನ್ನೇ ಕೈಬಿಟ್ಟರು. ನನ್ನ ಮಟ್ಟಿಗೆ ಎರಡು ಹಂತ ಮಾಡಿ ಅದನ್ನೇ ಮತ್ತೆ ಬಳಸುವುದು ಜಾಣತನ. ಚಿತ್ರದುರ್ಗದ ಹತ್ತಿರ ಇಸ್ರೋ 2023ರಲ್ಲೂ 2024ರಲ್ಲೂ ರೆಕ್ಕೆಯ ವಾಹನ ಇಳಿಸಿದ್ದು ಆ ದಾರಿಯ ಕೆಲಸವೇ.

ಬಸವನಗುಡಿ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಲಿಂಡರ್ ತಿರುಗಿಸಿ ನೋಡಿದೆವು, 15.6 ಅಂತಿದೆ. ಅವಳದು ಇನ್ನೊಂದು ಪ್ರಶ್ನೆ: ಚಂದ್ರನ ಮೇಲಿಂದ ಹೊರಟರೆ ಒಂದೇ ಹಂತ ಸಾಕಾ?

ಪೀಣ್ಯ ಟರ್ನರ್:
ಸಾಕು! ಒಳ್ಳೆ ಪ್ರಶ್ನೆ ಕೇಳಿದ್ದಾಳೆ. ಅಲ್ಲಿ ಎಳೆತ ಆರನೇ ಒಂದು ಭಾಗ, ಗಾಳಿ ಇಲ್ಲ, ಸೆಕೆಂಡಿಗೆ 1.7 ಕಿಮೀ ಆಸುಪಾಸು ವೇಗ ಸಿಕ್ಕರೆ ಕಕ್ಷೆ. 1969ರಲ್ಲಿ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ವಾಪಸ್ ಏರಿದ್ದು ಒಂದೇ ಹಂತದಲ್ಲಿ, ಒಂದೇ ಇಂಜಿನ್ನಿನಲ್ಲಿ. ಆ ವಾಹನದ ತೂಕದಲ್ಲಿ ಇಂಧನ ಸುಮಾರು ಅರ್ಧ ಮಾತ್ರ. ನಿಮ್ಮ ಸಿಲಿಂಡರ್ ಲೆಕ್ಕವೇ.