ಕೆರೆ ರಿಪೇರಿಗೆ ಯಾರ ಪಾಲು ಎಷ್ಟು? ಗುಂಪಿನ ಪ್ರಶ್ನೋತ್ತರ, ಜೂನ್ 2024

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸಣ್ಣ ನೀರಾವರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಇಂಜಿನಿಯರ್ ಸರ್ ಇವತ್ತು ನಮ್ಮ ಜೊತೆ ಇದ್ದಾರೆ. ಕೆರೆ ಕೆಲಸಕ್ಕೆ ಸರ್ಕಾರ ಎಷ್ಟು ಕೊಡುತ್ತದೆ, ಪಂಚಾಯಿತಿ ಎಷ್ಟು ಹಾಕಬೇಕು, ಊರಿನವರ ವಂತಿಗೆ ಎಷ್ಟು, ಇದಷ್ಟೇ ವಿಷಯ. ಗುಡ್ ಮಾರ್ನಿಂಗ್ ಫೋಟೋ ಬೇಡ.

ಕೊರಟಗೆರೆ ರೈತ: ಸರ್, ನಮ್ಮ ಕೆರೆ ಯಾರದ್ದು ಅಂತಲೇ ಗೊತ್ತಾಗುತ್ತಿಲ್ಲ. ಪಂಚಾಯಿತಿಗೆ ಹೋದರೆ ಇಲಾಖೆ ಅನ್ನುತ್ತಾರೆ. ಇಲಾಖೆಗೆ ಹೋದರೆ ಪಂಚಾಯಿತಿ ಅನ್ನುತ್ತಾರೆ.

ಇಂಜಿನಿಯರ್: ಅಚ್ಚುಕಟ್ಟು, ಅಂದರೆ ಕೆರೆ ನೀರು ಹಾಯುವ ಜಮೀನು, ಎಷ್ಟು ನೋಡಿ. 40 ಹೆಕ್ಟೇರ್ ಒಳಗಿದ್ದರೆ ಪಂಚಾಯತ್ ರಾಜ್ ಕಡೆ. ಅದನ್ನು ದಾಟಿ 2000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆ. 40 ಹೆಕ್ಟೇರ್ ಅಂದರೆ ಹೆಚ್ಚುಕಡಿಮೆ 100 ಎಕರೆ. ದುಡ್ಡು ಯಾವ ಕಡೆಯಿಂದ ಬರಬೇಕು ಅನ್ನುವುದು ಅಲ್ಲಿಂದಲೇ ಶುರು.

ಪಂಚಾಯಿತಿ ಸದಸ್ಯೆ, ಪಾವಗಡ: ಸರ್, 15ನೇ ಹಣಕಾಸು ಆಯೋಗದ ಹಣ (ಕೇಂದ್ರದಿಂದ ಪಂಚಾಯಿತಿಗೆ ಬರುವ 2021-26ರ ಅನುದಾನ) ಕೆರೆಗೆ ಹಾಕಬಹುದಾ? ಆಗಲ್ಲ ಅಂತ ನಮಗೆ ಹೇಳಿದ್ದಾರೆ.

ಇಂಜಿನಿಯರ್: ಹಾಕಬಹುದು ಮೇಡಂ. ಆ ಅನುದಾನದಲ್ಲಿ ಶೇ 60 ನಿರ್ಬಂಧಿತ. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆ ನೀರು ಸಂಗ್ರಹ, ನೀರಿನ ಮರುಬಳಕೆಗೆ. ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಅನಿರ್ಬಂಧಿತ, ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದು. ಸಂಬಳಕ್ಕೆ ಮಾತ್ರ ಬಳಸುವ ಹಾಗಿಲ್ಲ. ಗ್ರಾಮಸಭೆಯಲ್ಲಿ ಕ್ರಿಯಾಯೋಜನೆಗೆ ಸೇರಿಸಿ. ಬರೀ ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನ ಉತ್ತರವೇ ಬರುತ್ತದೆ.

ಶಿರಾ ಸದಸ್ಯ: ನರೇಗಾದಲ್ಲಿ ಜೆಸಿಬಿ ಹಾಕಿ ಹೂಳು ತೆಗೆಸಬಹುದಾ ಸರ್?

ಇಂಜಿನಿಯರ್: ಇಲ್ಲ. ಅದು ಕೂಲಿಗೆ ಇರುವ ಹಣ, 2024-25ರ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 349 ರೂಪಾಯಿ. ಕೂಲಿ ಪೂರ್ತಿ ಕೇಂದ್ರದ್ದು. ಸಾಮಗ್ರಿಯಲ್ಲಿ ಕೇಂದ್ರ ಮುಕ್ಕಾಲು, ರಾಜ್ಯ ಕಾಲು. ಗುತ್ತಿಗೆದಾರರಿಗೂ ಜಾಗ ಇಲ್ಲ.

ಮಧುಗಿರಿ ಅಚ್ಚುಕಟ್ಟು ರೈತ: ಸರ್, ನಮ್ಮದು ಅರ್ಜೆಂಟ್. ಹೋದ ವರ್ಷ ಬರದಲ್ಲಿ ಒದ್ದಾಡಿ, ಈ ಸಲ ನೀರು ಜಾಸ್ತಿ ನಿಲ್ಲಲಿ ಅಂತ ಊರಿನವರೇ ದುಡ್ಡು ಹಾಕಿ ಕೋಡಿ (ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಜಾಗ) ಮೇಲೆ ಮರಳು ಚೀಲ ಪೇರಿಸಿದೆವು. ಒಂದೂವರೆ ಅಡಿ ಎತ್ತರ. ಮೊನ್ನೆಯ ಮಳೆಗೆ ಅದರ ತಲೆಗೆ ನೀರು ಬಂದಿದೆ. ಈಗ ಏರಿಯ (ಕೆರೆಯ ಮಣ್ಣಿನ ಕಟ್ಟೆ) ಹಿಂದೆ, ಕಾಲುವೆಗೆ ನೀರು ಬಿಡುವ ತೂಬಿನಿಂದ ನಾಲ್ಕು ಮಾರು ಆಚೆ, ಬುಡದಲ್ಲಿ ನೀರು ಒಸರುತ್ತಿದೆ. ಇದರ ಖರ್ಚು ಯಾರು ಕೊಡಬೇಕು? ಪಹಣಿ ಲೆಕ್ಕದಲ್ಲಿ ಅಚ್ಚುಕಟ್ಟು 104 ಎಕರೆ. ಈಗ ಉಳುಮೆ ಇರುವುದು 70 ಮಾತ್ರ. ಹಾಗಾಗಿ ಎರಡೂ ಕಡೆ ನಮ್ಮದಲ್ಲ ಅನ್ನುತ್ತಾರೆ.

ಇಂಜಿನಿಯರ್: ಖರ್ಚಿನ ಮಾತು ಆಮೇಲೆ. ಒಸರುವ ನೀರು ತಿಳಿಯಾಗಿದೆಯಾ, ಕೆಂಪಗಿದೆಯಾ? ಒಂದು ಗಾಜಿನ ಲೋಟದಲ್ಲಿ ಹಿಡಿದು ಹತ್ತು ನಿಮಿಷ ಇಡಿ. ತಳದಲ್ಲಿ ಮಣ್ಣು ಕೂರುತ್ತದಾ ನೋಡಿ ಈಗಲೇ ಹೇಳಿ.

ಹಿರಿಯೂರು ಸದಸ್ಯ: (ಫಾರ್ವರ್ಡ್) ಏರಿ ಸೋರುತ್ತಿದ್ದರೆ ಸಿಮೆಂಟಿಗೆ ಕಲ್ಲುಪ್ಪು ಕಲಸಿ ಸೋರುವ ಬಾಯಿಗೆ ತುಂಬಿ. ಒಂದೇ ರಾತ್ರಿಯಲ್ಲಿ ಬಂದ್. ಹತ್ತು ಜನ ರೈತರಿಗೆ ಕಳಿಸಿ.

ಇಂಜಿನಿಯರ್: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಆಚೆ ಬಾಯಿ ಮುಚ್ಚಿದರೆ ಒಳಗಿನ ನೀರು ನಿಲ್ಲುವುದಿಲ್ಲ. ಒತ್ತಡ ಹೆಚ್ಚಾಗಿ ಪಕ್ಕದಲ್ಲಿ ಇನ್ನೊಂದು ಬಾಯಿ ತೆಗೆಯುತ್ತದೆ. ಆ ಮೆಸೇಜ್ ಅಳಿಸಿ.

ಹಿರಿಯೂರು ಸದಸ್ಯ: ಬಂದಿದ್ದನ್ನು ಕಳಿಸಿದೆ ಅಷ್ಟೇ ಸರ್.

ಮಧುಗಿರಿ ಅಚ್ಚುಕಟ್ಟು ರೈತ: ಸರ್, ಕೆಂಪಗಿದೆ. ಲೋಟದ ತಳದಲ್ಲಿ ಬೆರಳಿನ ಅರ್ಧ ಗೆಣ್ಣಷ್ಟು ನುಣ್ಣನೆ ಮಣ್ಣು ಕೂತಿದೆ.

ಇಂಜಿನಿಯರ್: ಹಾಗಾದರೆ ಗಮನ ಕೊಟ್ಟು ಓದಿ. ತಿಳಿ ನೀರು ಒಸರುವುದು ಮಣ್ಣಿನ ಏರಿಗೆ ಹೊಸದಲ್ಲ. ಕೆಂಪು ನೀರು ಅಂದರೆ ಏರಿಯ ಹೊಟ್ಟೆಯ ಮಣ್ಣು ಹೊರಗೆ ಹೋಗುತ್ತಿದೆ. ಒಳಗೆ ಕೊಳವೆ ಆಗುತ್ತಿದೆ. ಇಲಿ ಬಿಲ, ಏಡಿ ಬಿಲ, ಹುತ್ತ, ಸತ್ತ ಮರದ ಬೇರು, ತೂಬಿನ ಪಕ್ಕದ ಸಡಿಲು ಮಣ್ಣು, ಯಾವುದೂ ಕಾರಣ ಇರಬಹುದು. ಕೋಡಿ ಎತ್ತರಿಸಿದ್ದರಿಂದ ಒತ್ತಡ ಜಾಸ್ತಿಯಾಗಿ ಅದು ಬೇಗ ಕಾಣಿಸಿಕೊಂಡಿದೆ. ಏರಿಯ ತಲೆಗೂ ಕೋಡಿಗೂ ನಡುವೆ ಹಿಂದಿನವರು ಬಿಟ್ಟ ಅಂತರ ಇದೆಯಲ್ಲ, ದೊಡ್ಡ ಮಳೆಗೆ ಏರಿಯನ್ನು ಉಳಿಸುವುದು ಅದೇ. ನೀವು ಅದರಲ್ಲಿ ಒಂದೂವರೆ ಅಡಿ ತಿಂದಿದ್ದೀರಿ.

ಮೊದಲು ತೂಬು ತೆರೆಯಿರಿ. ಕೋಡಿಯ ಚೀಲಗಳನ್ನು ಒಂದೊಂದು ವರಸೆಯಾಗಿ ತೆಗೆಯಿರಿ, ಒಟ್ಟಿಗೆ ಕಿತ್ತರೆ ಕೆಳಗಿನ ಹೊಲ ಕೊಚ್ಚಿಹೋಗುತ್ತದೆ. ಒಸರುವ ಜಾಗಕ್ಕೆ ಜೇಡಿ ಮಣ್ಣು ಬೇಡ. ಮೊದಲು ಒರಟು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಕಲ್ಲು ಹರಡಿ. ನೀರು ಹೋಗಲಿ, ಮಣ್ಣು ನಿಲ್ಲಲಿ. ಕೆಳಗೆ ಮನೆಗಳಿದ್ದರೆ ರಾತ್ರಿ ಅಲ್ಲಿ ಯಾರೂ ಮಲಗಬಾರದು. ತಹಶೀಲ್ದಾರರಿಗೂ ಇಲಾಖೆಯ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಅವರಿಗೂ ಈಗಲೇ ಫೋನ್ ಮಾಡಿ.

2019ರ ಜುಲೈನಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ರಾತ್ರಿ ಒಡೆಯಿತು. ಅದೂ ಸಣ್ಣದೇ. ಸೋರುತ್ತಿದೆ ಅಂತ ಊರಿನವರು ಮೊದಲೇ ದೂರು ಕೊಟ್ಟಿದ್ದರು. ಇಪ್ಪತ್ತರಷ್ಟು ಜನ ಸತ್ತರು. ಆಮೇಲೆ ಏಡಿ ಕೊರೆದಿದ್ದು ಅಂತ ಮಂತ್ರಿಯೊಬ್ಬರು ಹೇಳಿದರು.

ಗುಬ್ಬಿ ಸದಸ್ಯ: ಮೀನು ಹರಾಜಿನ ದುಡ್ಡು ಸಂಘಕ್ಕಾ, ಪಂಚಾಯಿತಿಗಾ ಸರ್?

ಬೆಂಗಳೂರಿನಲ್ಲಿರುವ ಸದಸ್ಯ: ಒಂದು ಮಾತು. ತೆರಿಗೆ ಕಟ್ಟಿದ್ದೇವೆ, ಮತ್ತೆ ವಂತಿಗೆ ಯಾಕೆ? ಕೆರೆ ಸರ್ಕಾರದ್ದು, ಸರ್ಕಾರವೇ ಮಾಡಲಿ.

ಕೊರಟಗೆರೆ ರೈತ: ಅಣ್ಣ, ನೀವು ಊರಿಗೆ ಬರುವುದೇ ಹಬ್ಬಕ್ಕೆ. ಸರ್ಕಾರ ಮಾಡಲಿ ಅಂತ ಕಾದು ನಮ್ಮ ತೂಬು ತುಕ್ಕು ಹಿಡಿದಿದೆ.

ಬೋರ್‌ವೆಲ್ ರೈತ, ಚಿಕ್ಕನಾಯಕನಹಳ್ಳಿ: ವಂತಿಗೆ ಅಚ್ಚುಕಟ್ಟಿನವರು ಹಾಕಲಿ. ನನ್ನ ಜಮೀನಿಗೆ ಕಾಲುವೆ ನೀರೇ ಬರಲ್ಲ.

ಕೊರಟಗೆರೆ ರೈತ: ಕೆರೆ ತುಂಬಿದರೆ ನಿಮ್ಮ ಬೋರ್ ತುಂಬುತ್ತದಲ್ಲ ಸ್ವಾಮಿ? ಕಾಲುವೆಗೆ ಬರುವ ಮುಂಚೆ ನಿಮಗೇ ಸಿಗುವುದು.

ಬೋರ್‌ವೆಲ್ ರೈತ: ಅದನ್ನು ಯಾರು ಅಳೆದರು? ನೀವಾ?

ಪಂಚಾಯಿತಿ ಸದಸ್ಯೆ, ಪಾವಗಡ: ಜಮೀನೇ ಇಲ್ಲದವರ ದನಕರು ಕೂಡ ಅದೇ ಕೆರೆಯಲ್ಲಿ ಕುಡಿಯುತ್ತವೆ. ಅವರ ಹತ್ತಿರ ದುಡ್ಡು ಕೇಳುತ್ತೀರಾ?

ಬೆಂಗಳೂರಿನಲ್ಲಿರುವ ಸದಸ್ಯ: ಹೂಳು ಹೊತ್ತುಕೊಂಡು ಹೋಗಿ ಇಟ್ಟಿಗೆ ಗೂಡಿಗೆ ಮಾರಿಕೊಂಡವರು ಮೊದಲು ವಂತಿಗೆ ಕೊಡಲಿ.

ಕೊರಟಗೆರೆ ರೈತ: ಯಾರನ್ನು ಹೇಳುತ್ತಿದ್ದೀರಿ? ಹೆಸರು ಹೇಳಿ.

ಅಡ್ಮಿನ್: ವೈಯಕ್ತಿಕ ಬೇಡ.

ಇಂಜಿನಿಯರ್: ಜಗಳ ನಿಲ್ಲಿಸಿ ಕೇಳಿ. ವಂತಿಗೆ ಇಂದು ಹುಟ್ಟಿದ್ದಲ್ಲ. ಕೆರೆ ಕಟ್ಟಿದವರಿಗೆ, ಕಾಪಾಡಿದವರಿಗೆ ಕೆರೆಗೊಡಗೆ ಜಮೀನು ಬಿಡುತ್ತಿದ್ದರು. ಹೊಲಕ್ಕೆ ನೀರು ಹಂಚುವ ನೀರಗಂಟಿಗೆ ಸುಗ್ಗಿಯಲ್ಲಿ ಕಣದಲ್ಲೇ ಕಾಳು ಅಳೆಯುತ್ತಿದ್ದರು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಜಲ ಸಂವರ್ಧನೆ ಯೋಜನಾ ಸಂಘ ಕೆಲಸ ಶುರು ಮಾಡಿದಾಗಲೂ ಊರಿನ ಕೆರೆ ಬಳಕೆದಾರರ ಸಂಘ ಒಂದು ಪಾಲು ಕೊಡಬೇಕಿತ್ತು. ಧರ್ಮಸ್ಥಳ ಯೋಜನೆಯ 'ನಮ್ಮೂರು ನಮ್ಮ ಕೆರೆ'ಯಲ್ಲಿ ಅಗೆಯುವ ಯಂತ್ರದ ಖರ್ಚು ಅವರದ್ದು, ಹೂಳು ಸಾಗಿಸುವ ಟ್ರಾಕ್ಟರ್ ರೈತರದ್ದು. ಆ ಪಾಲು ಕಣ್ಣಿಗೆ ಕಾಣುತ್ತದೆ, ಅದಕ್ಕೇ ತಕರಾರು ಕಡಿಮೆ.

ನನ್ನ ಚಿಂತೆ ಬೇರೆ. ಕೇಂದ್ರದ ಜಲಮೂಲ ಪುನಶ್ಚೇತನ ಯೋಜನೆಯಲ್ಲಿ ಬರಪೀಡಿತ ಪ್ರದೇಶಕ್ಕೆ ಕೇಂದ್ರ 60, ರಾಜ್ಯ 40. ಎಲ್ಲ ಲೆಕ್ಕವೂ ಕಟ್ಟುವುದಕ್ಕೆ, ಹೂಳು ತೆಗೆಯುವುದಕ್ಕೆ. ಮೂರನೇ ವರ್ಷ ಏರಿ ಮೇಲಿನ ಜಾಲಿ ಕಡಿಯಲು, ತೂಬಿಗೆ ಗ್ರೀಸ್ ಹಾಕಲು ಯಾರ ಪಾಲು? ಅದನ್ನು ಯಾರೂ ಬರೆಯುವುದಿಲ್ಲ. ಊರಿನ ವಂತಿಗೆಯನ್ನು ಕಾಮಗಾರಿಗೆ ಸುರಿಯಬೇಡಿ. ಸಂಘದ ಜಂಟಿ ಖಾತೆಯಲ್ಲಿ ನಿರ್ವಹಣೆಗೆ ಅಂತಲೇ ಇಡಿ.

ಶಿರಾ ಸದಸ್ಯ 2: ನರೇಗಾದಲ್ಲಿ ಜೆಸಿಬಿ ನಡೆಯುತ್ತಾ ಸರ್?

ಇಂಜಿನಿಯರ್: ಮೇಲೆ ನೋಡಿ.

ಹಿರಿಯೂರು ಸದಸ್ಯ: (ಫಾರ್ವರ್ಡ್) ಪ್ರತಿ ಕೆರೆಗೆ 50 ಲಕ್ಷ ನೇರ ಖಾತೆಗೆ. ಈ ಲಿಂಕ್ ಒತ್ತಿ ಆಧಾರ್ ತುಂಬಿ.

ಇಂಜಿನಿಯರ್: ಸುಳ್ಳು. ಕೆರೆಗೆ ಖಾತೆ ಎಲ್ಲಿಂದ ಬಂತು? ಆಧಾರ್ ಕೊಟ್ಟು ಇರುವ ದುಡ್ಡೂ ಕಳೆದುಕೊಳ್ಳಬೇಡಿ. ಅಡ್ಮಿನ್, ಇವರನ್ನು ಸ್ವಲ್ಪ ದಿನ ಸುಮ್ಮನಿರಿಸಿ.

ಗುಬ್ಬಿ ಸದಸ್ಯ: ಮೀನಿನ ಹರಾಜು ಸರ್? ಎರಡನೇ ಸಲ ಕೇಳುತ್ತಿದ್ದೇನೆ.

ಶಿರಾ ಸದಸ್ಯ: ನೀವು ಜೆಸಿಬಿ ಬೇಡ ಅಂದರೆ ಕೈಯಲ್ಲಿ ಯಾರು ಅಗೆಯುತ್ತಾರೆ? ಆಫೀಸಲ್ಲಿ ಕೂತು ಹೇಳುವುದು ಸುಲಭ.

ಇಂಜಿನಿಯರ್: ಕಾನೂನು ನಾನು ಬರೆದದ್ದಲ್ಲ. ಜೆಸಿಬಿ ಬೇಕಿದ್ದರೆ ಬೇರೆ ಅನುದಾನ ಕೇಳಿ. ಏರಿಯ ಬುಡದ ಹತ್ತಿರ ಮಾತ್ರ ಅಗೆಸಬೇಡಿ, ನೀರು ತಡೆಯುವ ಜೇಡಿ ಪದರ ಕಿತ್ತುಹೋಗುತ್ತದೆ.

ಮಧುಗಿರಿ ಅಚ್ಚುಕಟ್ಟು ರೈತ: ಸರ್, ಎಇಇ ಬಂದು ನೋಡಿದರು. ಎರಡು ವರಸೆ ಚೀಲ ತೆಗೆದಿದ್ದೇವೆ, ತೂಬು ಅರ್ಧ ಮಾತ್ರ ಎದ್ದಿದೆ. ಮರಳು, ಜಲ್ಲಿ ಹಾಕಿದ ಮೇಲೆ ನೀರಿನ ಬಣ್ಣ ಸ್ವಲ್ಪ ತಿಳಿ. ಕೆಳಗಿನ ಆರು ಮನೆಯವರು ಶಾಲೆಗೆ ಹೋಗಿದ್ದಾರೆ. ಟಿಪ್ಪರ್ ಬಾಡಿಗೆ ನಮ್ಮ ಕೈಯಿಂದಲೇ ಹೋಯಿತು.

ಇಂಜಿನಿಯರ್: ಒಳ್ಳೆಯ ಕೆಲಸ ಮಾಡಿದಿರಿ. ಗಂಟೆಗೊಮ್ಮೆ ಲೋಟದಲ್ಲಿ ಹಿಡಿದು ನೋಡಿ, ಮತ್ತೆ ಕೆಂಪಾದರೆ ಉಳಿದ ಚೀಲವನ್ನೂ ತೆಗೆಯಿರಿ. ಈಗ ದುಡ್ಡಿನ ಮಾತು. ರಾಜ್ಯ ವಿಪತ್ತು ಪರಿಹಾರ ನಿಧಿಯಲ್ಲಿ ಕೇಂದ್ರ 75, ರಾಜ್ಯ 25. ಏರಿಯಲ್ಲಿ ಇಲಿ ಬಿಲ, ಕೊಳವೆ ಸೋರಿಕೆ ಮುಚ್ಚುವ ಕೆಲಸ ಅದರ ಪಟ್ಟಿಯಲ್ಲಿದೆ. ತಾರೀಖು ಕಾಣುವ ಫೋಟೋ, ಟಿಪ್ಪರ್ ಬಿಲ್ಲು, ಎಇಇ ಭೇಟಿಯ ವಿವರ ಇಟ್ಟು ತಹಶೀಲ್ದಾರರಿಗೆ ಅರ್ಜಿ ಕೊಡಿ. 104 ಎಕರೆ ಅಂದರೆ 42 ಹೆಕ್ಟೇರ್. ಉಳುಮೆ ಕಡಿಮೆಯಾಯಿತು ಅಂತ ಕೆರೆ ಕೈ ಬದಲಾಗುವುದಿಲ್ಲ, ದಾಖಲೆಯ ಅಚ್ಚುಕಟ್ಟೇ ಲೆಕ್ಕ ಅಂತ ವಾದಿಸಿ. ಒಂದೇ ಪತ್ರವನ್ನು ಎರಡೂ ಕಚೇರಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನಾಳೆ ಬೆಳಿಗ್ಗೆ ತೂಬಿನ ಫೋಟೋ ನನಗೆ ಬೇರೆಯಾಗಿ ಕಳಿಸಿ.

ಗುಬ್ಬಿ ಸದಸ್ಯ: ಮೀನು?

ಅಡ್ಮಿನ್: ಇವತ್ತಿಗೆ ಸಾಕು. ಗುಂಪಿನಲ್ಲಿ ಬರೆಯುವುದನ್ನು ಬೆಳಿಗ್ಗೆವರೆಗೆ ಬಂದ್ ಮಾಡಿದ್ದೇನೆ.