ಪಚ್ಚಿಲೆಯ ಗ್ಲೈಕೋಜನ್ ಎನ್‌ಎಂಆರ್‌ನಲ್ಲಿ ಅಳೆಯುವುದು: ಮಾಡಿ ಗೊತ್ತಿದ್ದವರು ಹೇಳಿ

ಕೇಳಿದವರು, ಉಡುಪಿ

ಮಲ್ಪೆ ಕಡೆ ಸಿಗುವ ಪಚ್ಚಿಲೆಯಲ್ಲಿ (ಬಂಡೆಗೆ ಅಂಟಿ ಬೆಳೆಯುವ ಎರಡು ಚಿಪ್ಪಿನ ಕಡಲ ಜೀವಿ) ಗ್ಲೈಕೋಜನ್ (ಪ್ರಾಣಿಗಳು ಕೂಡಿಡುವ, ಗ್ಲೂಕೋಸ್ ಕೊಂಡಿಗಳ ಕವಲೊಡೆದ ಸರಪಳಿ) ಎಷ್ಟುಂಟು, ಅದರ ಕವಲು ಎಷ್ಟು ಅಂತ ಪ್ರೋಟಾನ್ ಎನ್‌ಎಂಆರ್‌ನಲ್ಲಿ (ಬಲವಾದ ಕಾಂತದೊಳಗೆ ಹೈಡ್ರೋಜನ್ ಪರಮಾಣುಗಳ ಸಿಗ್ನಲ್ ಓದುವ ವಿಧಾನ) ನೋಡಬೇಕು. ಬೆಂಗಳೂರಿನಲ್ಲಿ 500 ಮೆಗಾಹರ್ಟ್ಸ್ ಯಂತ್ರದಲ್ಲಿ ಇನ್ನೊಂದು ದಿನ ಸಿಕ್ಕಿದೆ. ಮೊದಲ ಸಲ ಮಾಡಿದ್ದು ಇಷ್ಟು: ಮೀನು ಮಾರ್ಕೆಟ್ಟಿನ ಪಚ್ಚಿಲೆ, ಇಡೀ ಮಾಂಸ ಅರೆದು ಮೆಥನಾಲ್-ಕ್ಲೋರೋಫಾರ್ಮ್ ಎಕ್ಸ್‌ಟ್ರಾಕ್ಟ್, ಸಿಪಿಎಂಜಿ ಪಲ್ಸ್, 25 ಡಿಗ್ರಿ. 5.23 ಪಿಪಿಎಂನಲ್ಲಿ (ಸ್ಪೆಕ್ಟ್ರಮ್‌ನಲ್ಲಿ ಪೀಕಿನ ಜಾಗ ಹೇಳುವ ಅಳತೆ) ಗ್ಲೂಕೋಸ್ ಕಾಣ್ತದೆ, ಅದರ ಜೋಡಿ 4.64ರಲ್ಲಿ ಇರಬೇಕಾದ್ದು ಇಲ್ಲವೇ ಇಲ್ಲ. ಗ್ಲೈಕೋಜನ್ ಕಾಣಬೇಕಾದ 5.4ರಲ್ಲಿ ಒಂದು ಸಣ್ಣ ಉಬ್ಬು. 2.4ರಲ್ಲಿ ಮಾತ್ರ ಎತ್ತರದ ಒಂಟಿ ಪೀಕ್. ಪಚ್ಚಿಲೆಯಲ್ಲಿ ಗ್ಲೈಕೋಜನ್ ಇಷ್ಟು ಕಡಿಮೆ ಇರ್ಲಿಕ್ಕುಂಟಾ? ಅಂಗಾಂಶವನ್ನೇ ನೇರ ಇಟ್ಟು ವೇಗವಾಗಿ ತಿರುಗಿಸುವ ಎಚ್‌ಆರ್-ಮ್ಯಾಸ್ ಮಾಡುವುದಾ? ಇಲ್ಲಿಯ ಆಸ್ಪತ್ರೆಗಳ ಎಂಆರ್‌ಐಯಲ್ಲಿ ಜೀವಂತ ಪಚ್ಚಿಲೆ ಇಟ್ಟು ನೋಡ್ಲಿಕ್ಕೆ ಆಗ್ತದಾ?

ಸುರತ್ಕಲ್‌ನಿಂದ

2.4ರ ಪೀಕ್ ಸಕ್ಸಿನೇಟ್. ನಿಮ್ಮ ಪಚ್ಚಿಲೆ ಎಷ್ಟು ಹೊತ್ತು ನೀರಿನ ಹೊರಗಿತ್ತು ಅಂತ ಅದು ಹೇಳ್ತಾ ಉಂಟು. ಪಚ್ಚಿಲೆ ನೀರು ಬಿಟ್ಟ ಕೂಡಲೇ ಚಿಪ್ಪು ಬಿಗಿಯಾಗಿ ಮುಚ್ಚಿಕೊಳ್ತದೆ, ಒಳಗೆ ಆಮ್ಲಜನಕ ಮುಗೀತದೆ, ಆಮೇಲೆ ಗ್ಲೈಕೋಜನ್ ಮತ್ತು ಆಸ್ಪಾರ್ಟೇಟ್ ಖರ್ಚು ಮಾಡಿ ಬದುಕ್ತದೆ. ಅದಕ್ಕೇ ಸಕ್ಸಿನೇಟ್ ಏರ್ತದೆ, 1.48ರಲ್ಲಿ ಅಲನೀನ್ ಸಹ ಏರ್ತದೆ. ಮಾರ್ಕೆಟ್ಟಿನ ಬುಟ್ಟಿಯಲ್ಲಿ ಬೆಳಗ್ಗಿನಿಂದ ಬಿದ್ದ ಪಚ್ಚಿಲೆಯನ್ನು ಸಾರಿಗೆ ಹಾಕಬಹುದು, ಗ್ಲೈಕೋಜನ್ ಲೆಕ್ಕಕ್ಕೆ ಆಗುವುದಿಲ್ಲ.

ಬಂಡೆಯಿಂದ ಬಿಡಿಸುವಾಗಲೇ ಹೋಗಬೇಕು. ಕಡಲ ನೀರು ತುಂಬಿದ ಬಕೆಟ್, ಅದಕ್ಕೊಂದು ಬ್ಯಾಟರಿ ಏರೇಟರ್. ದಡದಲ್ಲೇ ಚಿಪ್ಪು ಬಿಡಿಸಿ, ಬೇಕಾದ ಭಾಗ ಕತ್ತರಿಸಿ, ಟಿಶ್ಯೂ ಪೇಪರಿನಲ್ಲಿ ಒಮ್ಮೆ ಒತ್ತಿ ದ್ರವ ಸಾರಜನಕಕ್ಕೆ ಹಾಕಿ. ಚಿಪ್ಪು ತೆರೆದಲ್ಲಿಂದ ಸಾರಜನಕಕ್ಕೆ ಬೀಳುವ ತನಕದ ಸೆಕೆಂಡುಗಳನ್ನು ಪ್ರತಿಯೊಂದಕ್ಕೂ ಬರೆದಿಡಿ. ಆಮೇಲೆ ಸಕ್ಸಿನೇಟ್ ಎತ್ತರವನ್ನು ಆ ಸಮಯದ ಎದುರು ಹಾಕಿ ನೋಡಿದರೆ ಯಾವ ಸ್ಯಾಂಪಲ್ ಬಿಸಾಡಬೇಕು ಅಂತ ತಾನಾಗಿ ಗೊತ್ತಾಗ್ತದೆ.

ಇಡೀ ಮಾಂಸ ಅರೆಯಬೇಡಿ ಮಾರಾಯ್ರೆ. ಹೊಟ್ಟೆಯೊಳಗೆ ಅದು ತಿಂದ ಡಯಾಟಮ್ (ಸೂಕ್ಷ್ಮ ಪಾಚಿ) ಇರ್ತದೆ, ಅದರದ್ದೇ ಬೀಟಾ-1,3 ಗ್ಲೂಕನ್ (ಇನ್ನೊಂದು ಗ್ಲೂಕೋಸ್ ಸರಪಳಿ) ಉಂಟು. ಮ್ಯಾಂಟಲ್ (ಚಿಪ್ಪಿನ ಒಳಗೆ ಹಾಸಿದ ಮಾಂಸದ ಪದರ) ಬೇರೆ, ಚಿಪ್ಪು ಮುಚ್ಚುವ ಸ್ನಾಯು ಬೇರೆ. ಮ್ಯಾಂಟಲ್‌ನಲ್ಲಿ ಗ್ಲೈಕೋಜನ್ ಜಾಸ್ತಿ, ಆದರೆ ಮೊಟ್ಟೆ-ವೀರ್ಯ ಕಟ್ಟುವ ಸಮಯಕ್ಕೆ ಅದು ಅಲ್ಲೇ ಖರ್ಚಾಗ್ತದೆ. ಹಾಗಾಗಿ ಗೊನಾಡ್‌ನ (ಮೊಟ್ಟೆ-ವೀರ್ಯದ ಅಂಗ) ಹಂತ ಬರೆಯದೆ ತಿಂಗಳು-ತಿಂಗಳಿಗೆ ಹೋಲಿಸಿದರೆ ಅರ್ಥ ಇಲ್ಲ.

ಕೊಣಾಜೆಯಿಂದ

5.4 ಯಾಕೆ ಸಣ್ಣದು ಅಂದರೆ ನೀವೇ ಎರಡು ಸಲ ಕಳೆದಿದ್ದೀರಿ.

ಒಂದು, ಗ್ಲೈಕೋಜನ್ ಆಲ್ಕೋಹಾಲ್‌ನಲ್ಲಿ ಕರಗುವುದಿಲ್ಲ. ಮೆಥನಾಲ್ ಹಾಕಿದಾಗ ದೊಡ್ಡ ಪಾಲು ಪ್ರೋಟೀನ್ ಜೊತೆ ನಡುವಿನ ಬಿಳಿ ಪದರದಲ್ಲಿ ಕೂತಿರ್ತದೆ, ಆ ಪದರವನ್ನು ನೀವು ಚೆಲ್ಲಿರ್ತೀರಿ. ಸಣ್ಣ ಮೆಟಬೊಲೈಟ್‌ಗಳಿಗೆ ಆ ವಿಧಾನ ಚೆನ್ನಾಗಿಯೇ ಉಂಟು, ಬೀಟೈನ್, ಟಾರೀನ್ ಎಲ್ಲ ಬರ್ತದೆ. ಗ್ಲೈಕೋಜನ್‌ಗೆ ಅಲ್ಲ.

ಎರಡು, ಸಿಪಿಎಂಜಿ ಇರುವುದೇ ದೊಡ್ಡ ಅಣುಗಳ ಅಗಲ ಸಿಗ್ನಲ್ ಅಳಿಸಲಿಕ್ಕೆ. ಗ್ಲೈಕೋಜನ್ ಲಕ್ಷಗಟ್ಟಲೆ ತೂಕದ ಅಣು, ಪ್ರೋಟಾನ್ ಟಿ2 (ಸಿಗ್ನಲ್ ಆರುವ ಸಮಯ) ಚಿಕ್ಕದು. 80-100 ಮಿಲಿಸೆಕೆಂಡ್ ಎಕೋ ಹಾಕಿದರೆ ಬಹುಪಾಲು ಹೋಯ್ತು. ಸಾದಾ ಒಂದು ಪಲ್ಸ್, ಹಗುರ ಪ್ರೀಸ್ಯಾಚುರೇಶನ್ (ನೀರಿನ ಪೀಕ್ ತಗ್ಗಿಸುವುದು), ಅಷ್ಟೇ ಸಾಕು.

4.64ರದ್ದು ಬೇರೆ ಕತೆ. 25 ಡಿಗ್ರಿಯಲ್ಲಿ ನೀರಿನ ಪೀಕ್ 4.77ರಲ್ಲಿ ಕೂತಿರ್ತದೆ, ಪ್ರೀಸ್ಯಾಚುರೇಶನ್ 4.64ರ ಬೀಟಾ ಗ್ಲೂಕೋಸನ್ನೂ (ಗ್ಲೂಕೋಸಿನ ಎರಡು ರೂಪಗಳಲ್ಲಿ ಒಂದು, ಇನ್ನೊಂದು 5.23ರ ಆಲ್ಫಾ) ತಿನ್ನುತ್ತದೆ. ನೀರಿನಲ್ಲಿ ಸಮತೋಲಕ್ಕೆ ಬಂದ ಗ್ಲೂಕೋಸ್ ಸುಮಾರು 36 ಪಾಲು ಆಲ್ಫಾ, 64 ಪಾಲು ಬೀಟಾ. ನಿಜಕ್ಕೂ ದೊಡ್ಡ ಪೀಕೇ ಕಾಣೆಯಾಗಿದೆ ಅಂತಾಯ್ತು. ಇದು ಆಲ್ಫಾವೇ ಹೌದಾ ಅಂತ ಜೆ (ಪೀಕ್ ಎರಡಾಗಿ ಸೀಳುವ ಅಂತರ) ನೋಡಿ: 5.23ರದ್ದು 3.8 ಹರ್ಟ್ಸ್ ಆಸುಪಾಸು, 4.64ರದ್ದು ಸುಮಾರು 8. ಸಕ್ಕರೆಯ ಒಂದು ಮತ್ತು ಎರಡನೇ ಕಾರ್ಬನ್‌ನ ಹೈಡ್ರೋಜನ್‌ಗಳಾದ ಎಚ್1 ಮತ್ತು ಎಚ್2 ನಡುವಿನ ಕೋನದಿಂದ ಬರುವ ವ್ಯತ್ಯಾಸ ಅದು. ಸಕ್ಕರೆ ಅಸಿಟೇಟ್‌ಗಳಲ್ಲಿ ಇದನ್ನು ಲೆಮ್ಯೂ ತಂಡ 1958ರಲ್ಲೇ ತೋರಿಸಿತ್ತು, ಕೋನಕ್ಕೂ ಜೆಗೂ ನಂಟು ಹೇಳುವ ಕಾರ್ಪ್ಲಸ್ ಸಮೀಕರಣ ಬಂದದ್ದು ಮರುವರ್ಷ.

ಉಪಾಯ ಸುಲಭ: ಎಕ್ಸ್‌ಟ್ರಾಕ್ಟನ್ನು 60 ಡಿಗ್ರಿಗೆ ಏರಿಸಿ. ನೀರು 4.40ಕ್ಕೆ ಸರಿಯುತ್ತದೆ, 4.64 ಬಯಲಿಗೆ ಬರ್ತದೆ. ನಿಮಗೆ ಕವಲಿನ ಲೆಕ್ಕಕ್ಕೆ ಬೇಕಾದ ಆಲ್ಫಾ-1,6ರ (ಕವಲಿನ ಕೊಂಡಿ) 4.97 ಸಹ ನೀರಿನ ಬುಡದಿಂದ ಬಿಡಿಸಿಕೊಳ್ತದೆ. ಬಿಸಿಯಾದ ಮೇಲೆ 10 ನಿಮಿಷ ಬಿಟ್ಟು ಮತ್ತೆ ಶಿಮ್ ಮಾಡಿ (ಕಾಂತಕ್ಷೇತ್ರ ಸಮ ಮಾಡುವುದು), ಇಲ್ಲದಿದ್ದರೆ ಪೀಕಿನ ಬುಡ ಸೊಟ್ಟ.

ಮಣಿಪಾಲದಿಂದ

ಗ್ಲೈಕೋಜನ್‌ಗೆ ಹಳೆಯ ಪೊಟ್ಯಾಶ್ ವಿಧಾನವೇ ಸರಿ. ಸಾರಜನಕದಲ್ಲಿ ಪುಡಿ ಮಾಡಿದ 100 ಮಿಲಿಗ್ರಾಂ ಅಂಗಾಂಶ, 1 ಮಿಲಿಲೀಟರ್ 30 ಶೇಕಡಾ ಕೆಓಎಚ್ (ಪೊಟ್ಯಾಶ್ ಕ್ಷಾರ), ಬಿಗಿ ಮುಚ್ಚಳದ ಪಾಲಿಪ್ರೊಪಿಲೀನ್ ಟ್ಯೂಬ್, ಕುದಿಯುವ ನೀರಿನಲ್ಲಿ 20ರಿಂದ 30 ನಿಮಿಷ. ಪುಡಿ ಕರಗುವ ಮೊದಲೇ ಬಿಸಿ ಕೆಓಎಚ್ ಮುಟ್ಟಬೇಕು. ಅದು ತಣ್ಣಗೆ ನೀರಾಗಲು ಬಿಟ್ಟರೆ ಕಿಣ್ವಗಳು ಎರಡು ನಿಮಿಷ ಕೆಲಸ ಮಾಡಿ ಮುಗಿಸಿರ್ತವೆ. ತಣಿದ ಮೇಲೆ 1.5 ಮಿಲಿಲೀಟರ್ 95 ಶೇಕಡಾ ಇಥನಾಲ್ ಹಾಕಿ ಮಂಜುಗಡ್ಡೆಯಲ್ಲಿ ಅರ್ಧ ಗಂಟೆ, ಸೆಂಟ್ರಿಫ್ಯೂಜ್, ತಳದ್ದನ್ನು ನೀರಿನಲ್ಲಿ ಕರಗಿಸಿ ಮತ್ತೊಮ್ಮೆ ಇಥನಾಲ್. ಬಿಡಿ ಗ್ಲೂಕೋಸ್ ಈ ದಾರಿಯಲ್ಲಿ ನಾಶ, ಅದಕ್ಕೆ ನಿಮ್ಮ ಮೆಥನಾಲ್ ಎಕ್ಸ್‌ಟ್ರಾಕ್ಟ್ ಬೇರೆಯೇ ಇಟ್ಟುಕೊಳ್ಳಿ.

ಒಣಗಿಸಿದ್ದನ್ನು ಡಿ-ಟು-ಓನಲ್ಲಿ (ಭಾರಜಲ) ಕರಗಿಸಿ ಫ್ರೀಜ್ ಡ್ರೈ, ಹೀಗೆ ಎರಡು ಸಲ. ಇಥನಾಲ್ ಉಳಿದರೆ 1.18ರಲ್ಲಿ ಮೂರು ಮುಳ್ಳು ಕಾಣ್ತದೆ. ಅದರ ಇನ್ನೊಂದು ಗುಂಪು 3.65ರಲ್ಲಿ ಸಕ್ಕರೆಯ ಕಾಡಿನೊಳಗೆ ಅಡಗಿರ್ತದೆ. ಮತ್ತೆ ಒಣಗಿಸುವುದು, ಬೇರೆ ದಾರಿ ಇಲ್ಲ.

ಲೆಕ್ಕ ಹೀಗೆ. ಟಿಎಸ್‌ಪಿ (ಪ್ರಮಾಣ ಗೊತ್ತಿದ್ದು ಹೋಲಿಕೆಗೆ ಹಾಕುವ ಪದಾರ್ಥ) 0.50 ಮಿಲಿಮೋಲಾರ್, ಅದರ ಏರಿಯಾ 9.00 ಅಂತ ಇಡಿ, 9 ಪ್ರೋಟಾನ್ ಅಲ್ವಾ. 5.40 ಮತ್ತು 4.97 ಕೂಡಿಸಿ 12.0 ಬಂತು ಅಂತಿಟ್ಟುಕೊಳ್ಳಿ. ಗ್ಲೂಕೋಸಿಲ್ ಘಟಕ 6.0 ಮಿಲಿಮೋಲಾರ್, 0.60 ಮಿಲಿಲೀಟರ್‌ನಲ್ಲಿ 3.6 ಮೈಕ್ರೋಮೋಲ್, 162ರಿಂದ ಗುಣಿಸಿದರೆ 0.58 ಮಿಲಿಗ್ರಾಂ. 100 ಮಿಲಿಗ್ರಾಂ ಹಸಿ ಅಂಗಾಂಶದ್ದು ಪೂರ್ತಿ ಟ್ಯೂಬಿಗೆ ಬಂದಿದ್ದರೆ ಗ್ರಾಂಗೆ 5.8 ಮಿಲಿಗ್ರಾಂ. 180ರಿಂದ ಗುಣಿಸುವ ತಪ್ಪು ತುಂಬ ಜನ ಮಾಡ್ತಾರೆ. ಸರಪಳಿಗೆ ಸೇರುವಾಗ ಒಂದು ನೀರು ಹೋಗಿರ್ತದೆ. ಕವಲು ಅಂದರೆ 4.97ನ್ನು ಆ ಮೊತ್ತದಿಂದ ಭಾಗಿಸಿದ್ದು.

ಈ ಲೆಕ್ಕ ಸರಿ ಬರಬೇಕಾದರೆ 90 ಡಿಗ್ರಿ ಪಲ್ಸಿನ ಉದ್ದವನ್ನು (ಇದು ಕೋನ, ತಾಪ ಅಲ್ಲ) ಪ್ರತಿ ಟ್ಯೂಬಿಗೂ ಹೊಸದಾಗಿ ಅಳೆಯಿರಿ. ಕೆಓಎಚ್ ಉಪ್ಪು ಉಳಿದ ಟ್ಯೂಬಿನಲ್ಲಿ ಪಲ್ಸ್ ಉದ್ದ ಆಗ್ತದೆ. ಸ್ಕ್ಯಾನ್ ನಡುವೆ 20 ಸೆಕೆಂಡ್ ಬಿಡಿ. ಗ್ಲೈಕೋಜನ್‌ಗೆ ಅಷ್ಟು ಬೇಡ, ಟಿಎಸ್‌ಪಿಗೆ ಬೇಕು. 64 ಸ್ಕ್ಯಾನಿಗೆ 25 ನಿಮಿಷ. ಒಂದು ದಿನಕ್ಕೆ ಎಷ್ಟು ಟ್ಯೂಬ್ ಆಗ್ತದೆ ಅಂತ ಈಗಲೇ ಕೂತು ಲೆಕ್ಕ ಹಾಕಿ.

ಸುರತ್ಕಲ್‌ನಿಂದ ಮತ್ತೆ

ಎಚ್‌ಆರ್-ಮ್ಯಾಸ್ ಬಗ್ಗೆ ಯಾರೂ ಹೇಳಲಿಲ್ಲ. 4 ಮಿಲಿಮೀಟರ್ ರೋಟರ್, 10-15 ಮಿಲಿಗ್ರಾಂ ಅಂಗಾಂಶ, ಡಿ-ಟು-ಓ ಬಫರ್, 54.7 ಡಿಗ್ರಿ ಓರೆ. ತಿರುಗುವ ವೇಗ 4ರಿಂದ 5 ಕಿಲೋಹರ್ಟ್ಸ್. 500ರ ಯಂತ್ರದಲ್ಲಿ 4 ಕಿಲೋಹರ್ಟ್ಸ್ ಅಂದರೆ 8 ಪಿಪಿಎಂ, ನೀರಿನ ಸೈಡ್‌ಬ್ಯಾಂಡ್ (ತಿರುಗುವುದರಿಂದ ಬರುವ ನಕಲು ಪೀಕ್) ಕಿಟಕಿಯ ಹೊರಗೆ ಬೀಳ್ತದೆ. ಅಂಗಾಂಶ ಹರಿದೀತು ಅಂತ 2 ಕಿಲೋಹರ್ಟ್ಸ್‌ಗೆ ಇಳಿಸಿದರೆ 1.0ರಲ್ಲೂ 9.0ರಲ್ಲೂ ಭೂತದ ಹಾಗೆ ಬಂದು ನಿಲ್ತದೆ. ತಾಪ 4 ಡಿಗ್ರಿ. ಮೊದಲು ಒಂದು ಸ್ಪೆಕ್ಟ್ರಮ್, ಕಡೆಗೆ ಅದೇ ಇನ್ನೊಂದು. ಎರಡನ್ನೂ ಒಂದರ ಮೇಲೊಂದು ಇಟ್ಟಾಗ 5.41 ಇಳಿದು 5.23 ಏರಿದ್ದರೆ ರೋಟರಿನೊಳಗೇ ಗ್ಲೈಕೋಜನ್ ಮುರೀತಾ ಉಂಟು.

ಮಣಿಪಾಲದಿಂದ ಮತ್ತೆ

ಅದಕ್ಕೇ ನಾನು ಬೇಡ ಅನ್ನುವುದು. ಅಂಗಾಂಶವನ್ನು 60 ಡಿಗ್ರಿಗೆ ಏರಿಸುವ ಹಾಗಿಲ್ಲ, 4.97 ನೀರಿನ ಪಕ್ಕದಲ್ಲೇ ಸಿಕ್ಕಿಕೊಳ್ತದೆ, ಕವಲಿನ ಲೆಕ್ಕ ಹೋಯ್ತು. ಟಿಎಸ್‌ಪಿ ಸಹ ಪ್ರೋಟೀನಿಗೆ ಅಂಟಿಕೊಂಡು ಚಿಕ್ಕದಾಗ್ತದೆ, ಉಳಿದದ್ದೆಲ್ಲ ದೊಡ್ಡದಾಗಿ ಕಾಣ್ತದೆ. ಸಕ್ಸಿನೇಟ್, ಅಲನೀನ್ ನೋಡುವುದಾದರೆ ಖಂಡಿತ ಮಾಡಿ. ಗ್ಲೈಕೋಜನ್ ಪ್ರಮಾಣಕ್ಕೆ ನನ್ನ ಮಟ್ಟಿಗೆ ಎಕ್ಸ್‌ಟ್ರಾಕ್ಟ್.

ಮಂಗಳೂರು, ರೇಡಿಯಾಲಜಿ ಕಡೆಯವರು

ಆಸ್ಪತ್ರೆಯ ಎಂಆರ್‌ಐ ಬಗ್ಗೆ ಚಿಕ್ಕದಾಗಿ. 3 ಟೆಸ್ಲಾದಲ್ಲಿ ಗ್ಲೈಕೋಜನ್ ಮತ್ತು ನೀರಿನ ಅಂತರ 90 ಹರ್ಟ್ಸ್ ಆಸುಪಾಸು ಮಾತ್ರ, ಪ್ರೋಟಾನ್‌ನಲ್ಲಿ ನಂಬುವ ಹಾಗಿಲ್ಲ. ಜೀವಂತ ಮನುಷ್ಯನ ಸ್ನಾಯುವಿನಲ್ಲಿ ಗ್ಲೈಕೋಜನ್ ಅಳೆದದ್ದು ಕಾರ್ಬನ್-13ರಿಂದ. ಅಲ್ಲಿ ಗ್ಲೈಕೋಜನ್‌ನ ಗ್ಲೂಕೋಸ್ ಘಟಕದ ಮೊದಲ ಕಾರ್ಬನ್ ಸಿ1 100.5 ಪಿಪಿಎಂನಲ್ಲಿ ಒಂಟಿಯಾಗಿ ನಿಲ್ತದೆ, ಅಣು ಅಷ್ಟು ದೊಡ್ಡದಾದರೂ ಹೆಚ್ಚುಕಡಿಮೆ ಪೂರ್ತಿ ಕಾಣ್ತದೆ. ಯೇಲ್‌ನ ಶುಲ್ಮನ್ ತಂಡ 1990ರಲ್ಲಿ ಮಧುಮೇಹಿಗಳಲ್ಲಿ ಗ್ಲೈಕೋಜನ್ ಕಟ್ಟುವ ವೇಗ ಅಳೆದದ್ದು ಹೀಗೆಯೇ, ಕಾರ್ಬನ್-13 ಸೇರಿಸಿದ ಗ್ಲೂಕೋಸ್ ಡ್ರಿಪ್ ಕೊಟ್ಟು. ನಿಸರ್ಗದಲ್ಲಿ ಅದು 1.1 ಶೇಕಡಾ ಮಾತ್ರ. 3 ಟೆಸ್ಲಾದಲ್ಲಿ ಪ್ರೋಟಾನ್ 128 ಮೆಗಾಹರ್ಟ್ಸ್, ಕಾರ್ಬನ್ 32. ಬೇರೆ ಆಂಪ್ಲಿಫೈಯರ್, ಬೇರೆ ಕಾಯಿಲ್ ಬೇಕು. ಮಂಡಿ ನೋವು, ಬೆನ್ನು ನೋವು ನೋಡುವ ಮೆಶಿನ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಜೀವಂತ ಪಚ್ಚಿಲೆಯೇ ಬೇಕಾದರೆ ಅಗಲ ಬೋರಿನ ಎನ್‌ಎಂಆರ್, ಫಾಸ್ಫರಸ್-31. ಮೂನ್ ಮತ್ತು ರಿಚರ್ಡ್ಸ್ 1973ರಲ್ಲಿ ರಕ್ತಕಣದೊಳಗಿನ ಪಿಎಚ್ ಓದಿದ ಹಾಗೆ ಇಲ್ಲಿಯೂ ಅಜೈವಿಕ ಫಾಸ್ಫೇಟ್ ಪೀಕಿನ ಜಾಗದಿಂದ ಪಿಎಚ್ ಓದಬಹುದು. ಆದರೆ ಫಾಸ್ಫೋಕ್ರಿಯೇಟಿನ್ (ನಮ್ಮ ಸ್ನಾಯುವಿನ ಶಕ್ತಿ ಸಂಗ್ರಹ) ಹುಡುಕಬೇಡಿ, ಪಚ್ಚಿಲೆ ಇಟ್ಟುಕೊಳ್ಳುವುದು ಫಾಸ್ಫೋಆರ್ಜಿನಿನ್.

ಕೇಳಿದವರು, ಉಡುಪಿ

ಎಲ್ಲರಿಗೂ ತುಂಬ ಉಪಕಾರ. ಪೊಟ್ಯಾಶ್ ದಾರಿಯಲ್ಲಿ ಹೋಗ್ತೇನೆ. ಇನ್ನೊಂದು: ಪ್ರಯೋಗಕ್ಕೆ ಅಂತ ಕೊಂಡ ಶುದ್ಧ ಗ್ಲೈಕೋಜನ್ ಪುಡಿ 5.00 ಮಿಲಿಗ್ರಾಂ ತೂಗಿ ಹಾಕಿದರೆ ಎನ್‌ಎಂಆರ್‌ನಲ್ಲಿ 4.3 ಬರ್ತದೆ. ಎರಡು ಸಲವೂ ಹಾಗೇ.

ಕೊಣಾಜೆಯಿಂದ ಮತ್ತೆ

ಈ ಮಳೆಯಲ್ಲಿ ಡಬ್ಬಿ ತೆರೆದಿಟ್ಟು ತೂಗಿದಿರಾ? ಒಣ ಪಾಲಿಸ್ಯಾಕರೈಡ್ ನಮ್ಮ ಕರಾವಳಿಯ ಗಾಳಿಯಲ್ಲಿ ಹಪ್ಪಳದ ಹಾಗೆ ಮೆತ್ತಗಾಗ್ತದೆ, ನೀವು ತೂಗಿದ್ದರಲ್ಲಿ ಒಂದು ಪಾಲು ನೀರು. ಫಾಸ್ಫರಸ್ ಪೆಂಟಾಕ್ಸೈಡ್ ಮೇಲೆ ನಿರ್ವಾತದಲ್ಲಿ ರಾತ್ರಿಯಿಡೀ ಒಣಗಿಸಿ, ಮುಚ್ಚಿದ ಬಾಟಲಿಯನ್ನೇ ಮೊದಲು ತೂಗಿ, ಪುಡಿ ತೆಗೆದ ಮೇಲೆ ಮತ್ತೆ ತೂಗಿ ಕಳೆಯಿರಿ. ಡಿ-ಟು-ಓ ಬಾಟಲಿಯನ್ನೂ ಬಾಯಿ ತೆರೆದು ಇಡಬೇಡಿ. 0.75 ಮಿಲಿಲೀಟರ್‌ನ ಸೀಲ್ ಆಂಪೂಲ್ ದುಬಾರಿ, ಆದರೆ ಮಳೆಗಾಲಕ್ಕೆ ಅದೇ ವಾಸಿ.

ಸುರತ್ಕಲ್‌ನಿಂದ ಮತ್ತೆ

ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಒಣಗಿಸಿದ್ದನ್ನೇ ಸಿಲಿಕಾ ಜೆಲ್ ಜೊತೆ ಕೊಂಡುಹೋಗಿ, ಕರಗಿಸುವುದು ಅಲ್ಲಿ. ಹೆಪ್ಪುಗಟ್ಟಿದ ಅಂಗಾಂಶ ಒಯ್ಯಲೇಬೇಕಾದರೆ ಡ್ರೈ ಐಸ್ ಡಬ್ಬಿಯ ಮುಚ್ಚಳ ಟೇಪ್ ಹಾಕಿ ಬಿಗಿಯಬೇಡಿ, ಅನಿಲ ಹೋಗಲಿಕ್ಕೆ ದಾರಿ ಇರ್ಲಿ. ಒಳಗಿನ ಟ್ಯೂಬ್‌ಗಳನ್ನು ಮಾತ್ರ ಪ್ಯಾರಾಫಿಲ್ಮ್ ಸುತ್ತಿ ಗಟ್ಟಿ ಮುಚ್ಚಿ. ಸಡಿಲ ಇದ್ದರೆ ಇಂಗಾಲದ ಡೈಆಕ್ಸೈಡ್ ಒಳಗೆ ಹೋಗಿ ಪಿಎಚ್ ಇಳೀತದೆ, ಮರುದಿನ ಟಿಎಸ್‌ಪಿ ಯಾಕೆ ಜಾಗ ಬದಲಾಯಿಸಿತು ಅಂತ ಯಂತ್ರದ ಎದುರು ತಲೆ ಕೆರೆದುಕೊಳ್ಳಬೇಕಾಗ್ತದೆ.